ಎರೆಗೆ ಯಾವುದು, ಮಸಾರಿಗೆ ಯಾವುದು? ಹೂ ಬಿಡುವ ದೊಡ್ಡ ಗಿಡ ಹಚ್ಚುವ ಮುನ್ನ

"ಮನೆ ಮುಂದ ಜಾಗ ಐತ್ರಿ, ಒಂದು ದೊಡ್ಡ ಹೂವಿನ ಗಿಡ ಹಚ್ಚಬೇಕು. ಯಾವುದು ಹಚ್ಚಲಿ?"

ಜೂನ್‌ನಲ್ಲಿ ಮಿರಗದ ಮಳೆ ಬಿದ್ದ ಕೂಡಲೇ ಕೊಪ್ಪಳದಲ್ಲಿ ನನಗೆ ಈ ಪ್ರಶ್ನೆ ಶುರುವಾಗುತ್ತದೆ. ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಇರುತ್ತದೆ. ಬೆಂಗಳೂರಿಗೆ ಹೋದಾಗ ನೋಡಿದ ನೀಲಿ ಜಕರಂಡ, ಇಲ್ಲವೇ ಮೊಬೈಲ್‌ನಲ್ಲಿ ಕಂಡ ಗುಲಾಬಿ ಬಣ್ಣದ ಟಬೆಬುಯಾ. ಹೂವಿನ ಬಣ್ಣ ಕಣ್ಣಲ್ಲಿ ಕೂತುಬಿಟ್ಟಿರುತ್ತದೆ. ಬಣ್ಣದ ಮಾತು ಆಮೇಲೆ ಆಡೋಣ ಅಂತ ಹೇಳಿ ನಾನು ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮದು ಎರೆಯೋ (ಕಪ್ಪು ಮಣ್ಣು), ಮಸಾರಿಯೋ (ಕೆಂಪು ಮಣ್ಣು)? ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಗಿಡದ ಕೆಳಗೆ ನಿಮಗೆ ನೆರಳು ಬೇಕೋ, ಬೇಡವೋ?

ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ. (ನಮ್ಮ ಕಡೆ ಎಷ್ಟೇ ದೊಡ್ಡ ಮರವಿದ್ದರೂ ಗಿಡ ಅಂತಲೇ ಕರೆಯುತ್ತೇವೆ. ಬೇವಿನ ಗಿಡ, ಹುಣಸೆ ಗಿಡ. ಇಲ್ಲೂ ಹಾಗೇ ಬರೆಯುತ್ತಿದ್ದೇನೆ.)

ನನ್ನ ಅನುಭವ ಮೂರು ಜಾಗದ್ದು. ಕೊಪ್ಪಳದ ನಮ್ಮ ಮನೆ ಇರುವುದು ಮಸಾರಿಯಲ್ಲಿ. ಮೇಲೆ ಕೆಂಪು ಮಣ್ಣು, ಎರಡಡಿ ಕೆಳಗೆ ಗಟ್ಟಿ ಗರಸು. ಯಲಬುರ್ಗಾ ಕಡೆ ಇರುವ ಹೊಲ ಎರೆ. ಅಕ್ಕನನ್ನು ಕೊಟ್ಟಿರುವುದು ಗಂಗಾವತಿ ಕಡೆ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸುತ್ತ ಭತ್ತದ ಗದ್ದೆ, ಮನೆ ಹಿತ್ತಲು ಸದಾ ಹಸಿ. ಒಂದೇ ಜಾತಿಯ ಗಿಡ ಈ ಮೂರು ಕಡೆ ಮೂರು ಥರ ಬೆಳೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಕಡೆ ಕೊಡೆಯಂತೆ ಹರಡಿದ್ದು ಇನ್ನೊಂದು ಕಡೆ ಎರಡನೇ ಬೇಸಿಗೆಗೇ ಒಣಗಿ ನಿಂತದ್ದೂ ಇದೆ.

ಎಲೆ ಇಲ್ಲದ ತಿಂಗಳು ಯಾವುದು?

ಇಲ್ಲಿ ಹೇಳುತ್ತಿರುವ ಗಿಡಗಳು ಹೆಚ್ಚುಕಮ್ಮಿ ಎಲ್ಲವೂ ಎಲೆ ಉದುರಿಸುವ ಜಾತಿಯವು. ನೆಲದಲ್ಲಿ ನೀರು ಕಡಿಮೆ ಆದಾಗ ಎಲೆ ಇಟ್ಟುಕೊಂಡರೆ ಇರುವ ನೀರೂ ಆವಿಯಾಗಿ ಹೋಗುತ್ತದೆ. ಅದಕ್ಕೇ ಗಿಡ ಎಲೆ ಬಿಟ್ಟುಕೊಡುತ್ತದೆ. ಬೋಳು ಕೊಂಬೆಯ ಮೇಲೆ ಹೂ ಅರಳಿದರೆ ಹಕ್ಕಿಗೆ, ಜೇನಿಗೆ ದೂರದಿಂದಲೇ ಕಾಣುತ್ತದೆ. ನಮಗೂ ಕಾಣುತ್ತದೆ. ಅದರ ಚೆಂದವೇ ಅದು.

ತೊಂದರೆ ಏನೆಂದರೆ, ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮಾರ್ಚ್ ಕೊನೆಯಿಂದ ಮೇ ತನಕ ಬಿಸಿಲು 40 ಡಿಗ್ರಿ ಆಚೀಚೆ. ನೆರಳು ಬೇಕಾಗುವುದೇ ಆವಾಗ. ಅದೇ ಹೊತ್ತಿಗೆ ನಿಮ್ಮ ಗಿಡ ಬೋಳಾಗಿ ನಿಂತರೆ ಅದರ ಕೆಳಗೆ ಕಟ್ಟೆ ಕಟ್ಟಿಸಿ ಏನು ಮಾಡುವುದು?

ಹಾಗಾಗಿ ತಿಂಗಳು ಲೆಕ್ಕ ಹಾಕಿ. ಬೂರುಗ ಚಳಿಗಾಲದಲ್ಲೇ ಬೋಳಾಗುತ್ತದೆ, ಜನವರಿಯಿಂದ ಮಾರ್ಚ್ ಒಳಗೆ ಹೂ, ಆಮೇಲೆ ಎಲೆ. ಮುತ್ತುಗ ಹೋಳಿ ಹುಣ್ಣಿಮೆ ಆಸುಪಾಸಿನಲ್ಲಿ ಹೂ, ಏಪ್ರಿಲ್ ಹೊತ್ತಿಗೆ ಹೊಸ ಎಲೆ. ಹೊಂಗೆ ಫೆಬ್ರವರಿ, ಮಾರ್ಚ್‌ನಲ್ಲಿ ಸ್ವಲ್ಪ ದಿನ ಮಾತ್ರ ಬೋಳು, ಯುಗಾದಿಗೆ ಎಣ್ಣೆ ಸವರಿದಂಥ ಎಳೆ ಎಲೆ ತುಂಬಿಕೊಂಡಿರುತ್ತದೆ. ಜನ ಹೆಚ್ಚು ಕೇಳುವ ಗುಲ್‌ಮೊಹರ್ ಮತ್ತು ಕಕ್ಕೆ ಇವೆಯಲ್ಲ, ಅವೆರಡೂ ಮಾರ್ಚ್, ಏಪ್ರಿಲ್‌ನಲ್ಲಿ ಕಡ್ಡಿ ಕಡ್ಡಿ. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ಹೂವು ಬರುತ್ತದೆ. ನೆರಳು ಗಟ್ಟಿಯಾಗುವುದು ಜೂನ್‌ಗೆ, ಮಳೆ ಬಂದ ಮೇಲೆ.

ಗುಲ್‌ಮೊಹರ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ನೋಡುವ ಗಿಡ, ಕೂರುವ ಗಿಡ ಅಲ್ಲ. ಇಷ್ಟು ಗೊತ್ತಿದ್ದು ಹಚ್ಚಿದರೆ ಬೇಜಾರಾಗುವುದಿಲ್ಲ.

ಒಂದು ಬಕೆಟ್ ನೀರಿನ ಪರೀಕ್ಷೆ

ಇನ್ನು ಮಣ್ಣು. ಸಸಿ ತರುವ ಮೊದಲು ಒಂದು ಕೆಲಸ ಮಾಡಿ. ಗಿಡ ಬರಬೇಕಾದ ಜಾಗದಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಒಂದು ಬಕೆಟ್ ನೀರು ಸುರಿಯಿರಿ. ಇಂಗಲಿ. ಮತ್ತೆ ಒಂದು ಬಕೆಟ್ ಸುರಿದು ಗಡಿಯಾರ ನೋಡಿ. ನಮ್ಮ ಮನೆಯ ಮಸಾರಿಯಲ್ಲಿ ನಾನು ಚಹಾ ಕುಡಿದು ಬರುವಷ್ಟರಲ್ಲಿ ಎರಡನೇ ಬಕೆಟ್ ಮಾಯವಾಗಿತ್ತು. ಹೊಲದ ಎರೆಯಲ್ಲಿ ಸಂಜೆ ಸುರಿದ ನೀರು ಬೆಳಿಗ್ಗೆಯೂ ತಳದಲ್ಲಿ ಹೊಳೆಯುತ್ತಿತ್ತು. ಗುಂಡಿಯ ಗೋಡೆ ಕೈಗೆ ಅಂಟಿ ಬೆಣ್ಣೆಯಂತೆ ಜಾರುತ್ತಿತ್ತು.

ಎರೆಯ ಸ್ವಭಾವ ಗೊತ್ತಿರುವವರಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮೇ ತಿಂಗಳ ಬಿರುಕಿನಲ್ಲಿ ನನ್ನ ಕೈ ಮೊಣಕೈವರೆಗೆ ಇಳಿದಿದೆ. ಎಳೆ ಸಸಿಯ ಬೇರು ಆ ಬಿರುಕಿಗೆ ಸಿಕ್ಕರೆ ಹರಿದುಹೋಗುತ್ತದೆ, ಇಲ್ಲವೇ ಬಿಸಿಗಾಳಿ ತಾಗಿ ಒಣಗುತ್ತದೆ. ಎರೆಯಲ್ಲಿ ಸಸಿ ಸಾಯುವುದು ನೀರು ಕಡಿಮೆ ಆಗಿ ಮಾತ್ರ ಅಲ್ಲ. ಒಂದು ಸಲ ನೀರು ನಿಂತು, ಇನ್ನೊಂದು ಸಲ ನೆಲ ಬಿರಿದು, ಎರಡೂ ಕಡೆಯಿಂದ ಪೆಟ್ಟು ತಿಂದು ಸಾಯುತ್ತದೆ.

ಮಸಾರಿಯ ಕಷ್ಟ ಬೇರೆ. ನೀರು ನಿಲ್ಲುವುದೇ ಇಲ್ಲ, ಕೆಳಗೆ ಗರಸು ಸಿಕ್ಕರೆ ಬೇರು ಇಳಿಯುವುದು ನಿಧಾನ. ಗುಂಡಿ ತೋಡುವಾಗ ಹಾರೆ ಹಾಕಿ ಆ ಪದರ ಒಡೆದುಬಿಡಿ. ಒಮ್ಮೆ ಬೇರು ಆ ಗಟ್ಟಿ ದಾಟಿತೆಂದರೆ ಗಿಡದ ಚಿಂತೆ ನಿಮಗೆ ಬೇಡ.

ಗುಲ್‌ಮೊಹರ್: ಆಸೆಯೂ ಇರಲಿ, ಅಂತರವೂ ಇರಲಿ

ಇದರ ತವರು ಮಡಗಾಸ್ಕರ್. ಆದರೂ ಶಾಲೆ ಅಂಗಳದಲ್ಲಿ ಬೆಳೆದ ನಮಗೆ ಇದು ನಮ್ಮದೇ ಗಿಡ. ಕನ್ನಡದಲ್ಲಿ ಕೆಂಪು ತುರಾಯಿ, ಕತ್ತಿಕಾಯಿ ಗಿಡ ಅಂತೆಲ್ಲ ಹೆಸರು. ಒಂದು ಹೂ ಕೈಯಲ್ಲಿ ಹಿಡಿದು ನೋಡಿ. ಐದು ಎಸಳು. ನಾಲ್ಕು ಅಚ್ಚ ಕೆಂಪು, ಐದನೆಯದು ಮಾತ್ರ ಸ್ವಲ್ಪ ದೊಡ್ಡದು, ಬಿಳಿ ಹಳದಿ ಮೇಲೆ ಕೆಂಪು ಚುಕ್ಕಿ ಚಿಮುಕಿಸಿದ ಹಾಗೆ. ಆ ಎಸಳು ಹುಳಿಹುಳಿ ಇರುತ್ತದೆ ಅಂತ ನಾವು ತಿನ್ನುತ್ತಿದ್ದೆವು. ಒಳಗಿನ ಹತ್ತು ಕೇಸರ ಕಿತ್ತು, ತುದಿಗೆ ತುದಿ ಸಿಕ್ಕಿಸಿ ಎಳೆದು, ಯಾರದ್ದು ಉಳಿಯಿತು ಅಂತ ಪಂದ್ಯ. ಆ ಮೇ ತಿಂಗಳ ನೆನಪು ಇರುವವರು ಈ ಗಿಡ ಬೇಡ ಅನ್ನಲು ಆಗುವುದಿಲ್ಲ.

ಒಳ್ಳೆಯ ಗುಣ ಮೊದಲು. ಬೇಗ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷಕ್ಕೆ ಮೊದಲ ಹೂ ಕಾಣಬಹುದು. ಬಿಸಿಲು ತಡೆಯುತ್ತದೆ, ಮಸಾರಿಗೆ ಹೊಂದಿಕೊಳ್ಳುತ್ತದೆ. ಕೊಡೆಯಂತೆ ಅಗಲವಾಗಿ ಹರಡುವ ರೂಪ ಬೇರೆ ಗಿಡಕ್ಕೆ ಇಲ್ಲ.

ಕೆಟ್ಟದ್ದು ಎರಡು. ಮೊದಲನೆಯದು ಬೇರು. ಆಳಕ್ಕಿಂತ ಅಗಲಕ್ಕೇ ಹೋಗುತ್ತದೆ, ನೆಲದ ಮೇಲೇ ಹಾವಿನಂತೆ ಎದ್ದು ಕಾಣುತ್ತದೆ. ಅಂಗಳದ ಫರ್ಸಿ ಎತ್ತುತ್ತದೆ, ಕಾಂಪೌಂಡ್ ಬಿರಿಯುತ್ತದೆ. ಎರಡನೆಯದು ಮೆದು ಕಟ್ಟಿಗೆ. ಉದ್ದ ಕೊಂಬೆಗಳು ಅಡ್ಡಡ್ಡ ಚಾಚಿಕೊಂಡಿರುತ್ತವೆ, ಮೇ ತಿಂಗಳಲ್ಲಿ ಹೂವಿನ ಭಾರ, ಅದೇ ಹೊತ್ತಿಗೆ ಅಡ್ಡಮಳೆಯ ಗಾಳಿ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಅಪ್ಪ ಹಚ್ಚಿದ ಗುಲ್‌ಮೊಹರ್ ದನದ ಕೊಟ್ಟಿಗೆಯಿಂದ ಹನ್ನೆರಡು ಅಡಿ ದೂರದಲ್ಲಿತ್ತು. ಸಸಿ ಇದ್ದಾಗ ಹನ್ನೆರಡು ಅಡಿ ಬಹಳ ದೂರ ಅನಿಸಿತ್ತು. ಹದಿನೈದನೇ ವರ್ಷದ ಒಂದು ಸಂಜೆ, ಹತ್ತು ನಿಮಿಷದ ಗಾಳಿಮಳೆಗೆ, ತೊಡೆ ದಪ್ಪದ ಕೊಂಬೆ ಬುಡದ ಕವಲಿನಿಂದಲೇ ಸೀಳಿ ತಗಡಿನ ಮೇಲೆ ಬಿತ್ತು. ಎಮ್ಮೆ ಹೊರಗೆ ಕಟ್ಟಿತ್ತು, ಉಳಿಯಿತು. ಸೀಳಿದ ಜಾಗ ನೋಡಿದೆ. ಎರಡು ಕೊಂಬೆ ಇಕ್ಕಟ್ಟಾಗಿ ಜೋಡಿಯಾಗಿ ಮೇಲೆದ್ದಿದ್ದವು, ನಡುವೆ ತೊಗಟೆ ಸಿಕ್ಕಿಕೊಂಡು ಕಟ್ಟಿಗೆ ಒಂದಕ್ಕೊಂದು ಬೆಸೆದೇ ಇರಲಿಲ್ಲ. ಸಸಿ ಮೂರು ವರ್ಷದ್ದಿದ್ದಾಗ ಆ ಎರಡರಲ್ಲಿ ಒಂದನ್ನು ಕತ್ತರಿಸಿದ್ದರೆ ಅಷ್ಟೇ ಸಾಕಿತ್ತು.

ಅದಕ್ಕೇ ಹೇಳುತ್ತೇನೆ. ಗುಲ್‌ಮೊಹರ್ ಹಚ್ಚುವವರು ಮನೆ, ಕಾಂಪೌಂಡ್, ಕರೆಂಟ್ ತಂತಿ, ಸೆಪ್ಟಿಕ್ ಟ್ಯಾಂಕ್ ಎಲ್ಲದರಿಂದ ಕನಿಷ್ಠ ಮೂವತ್ತು ಅಡಿ ಬಿಡಿ. ಮೊದಲ ನಾಲ್ಕು ವರ್ಷ ಒಂದೇ ನೇರ ಕಾಂಡ ಇಟ್ಟುಕೊಂಡು, ಆಳೆತ್ತರ ದಾಟಿದ ಮೇಲಷ್ಟೇ ಕವಲು ಬಿಡಿ. ಎರೆಯಲ್ಲಿ ಇದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸೆಪ್ಟೆಂಬರ್ ಮಳೆಗೆ ನೆಲ ಮೆತ್ತಗಾದಾಗ ಮೇಲ್ಬೇರಿನ ಗಿಡ ವಾಲಿಬಿಡುತ್ತದೆ. ಇನ್ನೊಂದು ಸಣ್ಣ ಮಾತು. ಇದರ ಎಲೆ ಅಕ್ಕಿನುಚ್ಚಿನಷ್ಟು ಚಿಕ್ಕದು, ಉದುರುವಾಗ ಮಾಳಿಗೆಯ ನೀರಿನ ಪೈಪೆಲ್ಲ ಮುಚ್ಚಿಹೋಗುತ್ತದೆ. ಮಾಳಿಗೆ ಮೇಲೆ ಟ್ಯಾಂಕ್ ಇದ್ದರೆ ಮುಚ್ಚಳ ಸರಿ ಇರಲಿ.

ಕಕ್ಕೆ: ಸಣ್ಣ ಜಾಗಕ್ಕೆ ನನ್ನ ಮೊದಲ ಆಯ್ಕೆ

ಗುಲ್‌ಮೊಹರ್ ಆಸೆ ಇದ್ದು ಜಾಗ ಇಲ್ಲದವರಿಗೆ ನಾನು ಕಕ್ಕೆ ಹೇಳುತ್ತೇನೆ. ಇದು ನಮ್ಮ ದೇಶದ್ದೇ ಗಿಡ. ಕೇರಳದವರು ವಿಷು ಹಬ್ಬಕ್ಕೆ ಕಣಿಯಲ್ಲಿ ಇಡುವ ಹೂ, ಆ ರಾಜ್ಯದ ಹೂವೂ ಇದೇ. ಮೇ ತಿಂಗಳಲ್ಲಿ ಒಂದೊಂದು ಗೊಂಚಲು ಒಂದಡಿಗೂ ಜಾಸ್ತಿ ಉದ್ದ ಜೋತುಬೀಳುತ್ತದೆ. ಕೆಳಗೆ ನಿಂತು ಮೇಲೆ ನೋಡಿದರೆ ಹಳದಿ ಸರಗಳ ಮಂಟಪ.

ಎತ್ತರ ಸಾಮಾನ್ಯವಾಗಿ ಮೂವತ್ತು ನಲವತ್ತು ಅಡಿ, ಹರಡುವುದು ಕಡಿಮೆ, ಬೇರಿನ ಕಾಟವೂ ಕಡಿಮೆ. ಗೋಡೆಯಿಂದ ಹದಿನೈದು ಅಡಿ ಬಿಟ್ಟರೆ ನೆಮ್ಮದಿ. ಕಟ್ಟಿಗೆ ಗಟ್ಟಿ, ಗಾಳಿಗೆ ಗುಲ್‌ಮೊಹರ್‌ನಂತೆ ಸೀಳುವುದಿಲ್ಲ. ಆಡು, ದನ ಇದರ ಎಲೆಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆಡು ಸಾಕಿದ ಓಣಿಯಲ್ಲಿ ಇದು ದೊಡ್ಡ ಗುಣ.

ತಾಳ್ಮೆ ಮಾತ್ರ ಬೇಕು. ಮೊದಲ ಎರಡು ಮೂರು ವರ್ಷ ಬೆಳೆಯುತ್ತಲೇ ಇಲ್ಲವೇನೋ ಅನಿಸುತ್ತದೆ. ಬೀಜದಿಂದ ಮಾಡಿದ ಗಿಡ ಹೂ ಬಿಡಲು ಆರೇಳು ವರ್ಷ ಹಿಡಿಯಬಹುದು. ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಸುಮ್ನೆ ಮಣ್ಣಿಗೆ ಹಾಕಿದರೆ ಮೊಳಕೆ ಬರುವುದಿಲ್ಲ. ಕುದಿ ಇಳಿಸಿದ ಬಿಸಿನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ ಬೀಜ ಮಾತ್ರ ಬಿತ್ತಿ, ಉಬ್ಬದಿದ್ದವನ್ನು ಕಲ್ಲಿನ ಮೇಲೆ ಒಂದು ಕಡೆ ತಿಕ್ಕಿ ಮತ್ತೆ ನೆನೆಹಾಕಿ.

ನೀರು ನಿಲ್ಲುವ ಜಾಗ ಇದಕ್ಕೆ ಆಗುವುದಿಲ್ಲ. ಗಂಗಾವತಿಯಲ್ಲಿ ಅಕ್ಕ ಹಚ್ಚಿದ ಎರಡು ಕಕ್ಕೆಯೂ ಮಳೆಗಾಲ ಮುಗಿಯುವಷ್ಟರಲ್ಲಿ ಎಲೆ ಹಳದಿಯಾಗಿ ಹೋದವು. ಅದೇ ತಾಯಿಗಿಡದ ಬೀಜದ್ದು ಕೊಪ್ಪಳದ ನಮ್ಮ ಮನೆ ಮೂಲೆಯಲ್ಲಿ ಈಗ ಮಾಳಿಗೆ ಮೀರಿ ಬೆಳೆದಿದೆ. ಮಳೆಗಾಲದಲ್ಲಿ ಹಸಿರು ಹುಳು ಬಂದು ಎಲೆ ತಿಂದರೆ ಔಷಧ ಹೊಡೆಯಲು ಓಡಬೇಡಿ. ಅವು ಹಳದಿ ಚಿಟ್ಟೆಯ ಮರಿಗಳು, ಗಿಡ ಮತ್ತೆ ಚಿಗುರುತ್ತದೆ. ಕೋಲಿನಂಥ ಕರಿ ಕಾಯಿಯ ತಿರುಳು ಬೇಧಿ ಆಗಲೆಂದು ಕೊಡುವ ಮನೆಮದ್ದು, ಹಾಗಾಗಿ ಸಣ್ಣ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಮುತ್ತುಗ: ಎರೆಯವರೇ, ಇದನ್ನು ಮರೆಯಬೇಡಿ

ನರ್ಸರಿಗೆ ಹೋಗಿ ಮುತ್ತುಗ ಕೇಳಿದರೆ, "ಅದನ್ಯಾಕ ಮನಿ ಮುಂದ ಹಚ್ಚತೀರಿ, ಅದು ಅಡವಿ ಗಿಡ" ಅನ್ನುತ್ತಾರೆ. ನನಗೆ ಇದು ನಿಜಕ್ಕೂ ನೋವಿನ ಮಾತು. ಈ ಎಲೆಯಲ್ಲಿ ಊಟ ಮಾಡಿದವರು ನಾವು. ಜಾತ್ರೆ, ಮದುವೆಗೆ ಪತ್ರಾವಳಿ ಕಟ್ಟುತ್ತಿದ್ದದ್ದು ಇದರಲ್ಲೇ. ಹೋಳಿ ಹಬ್ಬಕ್ಕೆ ಇದರ ಹೂ ಕುದಿಸಿ ಬಣ್ಣ ಮಾಡುತ್ತಿದ್ದರು. ಕೇಸರಿ ಬಣ್ಣದ ಆ ನೀರು ಮೈಮೇಲೆ ಬಿದ್ದರೆ ಉರಿಯುತ್ತಿರಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಎಲೆಯೆಲ್ಲ ಕಳಚಿ, ಕಪ್ಪು ಮಖಮಲ್ಲಿನಂಥ ಮೊಗ್ಗಿನ ತೊಟ್ಟುಗಳಿಂದ ಗಿಳಿಮೂತಿಯಂಥ ಕೇಸರಿ ಹೂ ಹೊರಬರುತ್ತವೆ. ಕಪ್ಪು ನೆಲ, ಕಿತ್ತು ರಾಶಿ ಮಾಡಿದ ಕಡಲೆ, ನಡುವೆ ಬದುವಿನಲ್ಲಿ ಈ ಗಿಡ. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಚೆಂದದ ನೋಟ ನಾನು ನೋಡಿಲ್ಲ.

ಚೆಂದ ಬದಿಗಿಡಿ, ಗಟ್ಟಿತನ ನೋಡಿ. ಎರೆ ತಡೆಯುತ್ತದೆ, ನೀರು ನಿಂತರೆ ತಡೆಯುತ್ತದೆ, ಸವುಳು (ಉಪ್ಪಿನಂಶದ) ಮಣ್ಣೂ ತಡೆಯುತ್ತದೆ. ದನ ಇದನ್ನು ಮೇಯುವುದು ಕಡಿಮೆ. ಕಡಿದರೆ ಬೇರಿನಿಂದ ಮತ್ತೆ ಏಳುತ್ತದೆ. ನಾನು ಹೊಲದ ಬದುವಿನಲ್ಲಿ ಹಣ್ಣಾದ ಕಾಯಿಗಳನ್ನೇ ಮೊದಲ ಮಳೆಗೆ ಊರಿದೆ. ಒಂದು ಕಾಯಿಯಲ್ಲಿ ತುದಿಗೆ ಒಂದೇ ಚಪ್ಪಟೆ ಬೀಜ ಇರುತ್ತದೆ. ಹಳೆಯದಾದರೆ ಮೊಳೆಯುವುದಿಲ್ಲ, ಆ ವರ್ಷದ್ದೇ ಬೇಕು. ಹತ್ತರಲ್ಲಿ ಆರು ಎದ್ದವು. ಮೊದಲ ಬೇಸಿಗೆಗೆ ಮೇಲಿನ ಕಡ್ಡಿ ಒಣಗಿತು. ಮಳೆಗೆ ಮತ್ತೆ ಚಿಗುರಿತು. ಎರಡನೇ ಬೇಸಿಗೆಗೆ ಮತ್ತೆ ಒಣಗಿತು. ಕಿತ್ತು ಬೇರೆ ಏನಾದರೂ ಹಚ್ಚೋಣ ಅಂದಾಗ ಅಪ್ಪ, "ಅದು ಕೆಳಗ ಬೆಳಿಯಾಕತ್ತೈತಿ, ಸುಮ್ನ ಬಿಡು" ಅಂದರು. ಅಪ್ಪ ಹೇಳಿದ್ದು ಸರಿ ಇತ್ತು. ಮುತ್ತುಗ ಮೊದಲು ಆಳಕ್ಕೆ ಬೇರು ಇಳಿಸಿ, ಗೆಣಸಿನಂತೆ ದಪ್ಪ ಮಾಡಿಕೊಂಡು, ಆಮೇಲೆ ಮೇಲೇಳುತ್ತದೆ. ನಾಲ್ಕನೇ ವರ್ಷದಿಂದ ಕಾಂಡ ನಿಂತಿತು. ಹೂ ನೋಡಲು ಒಟ್ಟು ಹನ್ನೊಂದು ವರ್ಷ ಕಾದೆವು. ಅಷ್ಟು ಕಾಯಲು ಆಗದವರು ಪಕ್ಕದಲ್ಲಿ ಬೇಗ ಬರುವ ಇನ್ನೊಂದು ಗಿಡ ಹಚ್ಚಿಕೊಳ್ಳಿ, ಆದರೆ ಮುತ್ತುಗವನ್ನು ಕೈಬಿಡಬೇಡಿ.

ಇದರ ಕಾಂಡ ನೇರ ಬರುವುದಿಲ್ಲ, ಸೊಟ್ಟಸೊಟ್ಟ. ಸಾಲಾಗಿ, ಶಿಸ್ತಾಗಿ ಕಾಣಬೇಕು ಅನ್ನುವ ಲೇಔಟ್ ರಸ್ತೆಗೆ ಇದು ಹೊಂದುವುದಿಲ್ಲ.

ಹೊಂಗೆ: ಕಟ್ಟೆ ಕಟ್ಟಿಸುವ ಯೋಚನೆ ಇದ್ದರೆ

ಹಿರಿಯರು ಇದನ್ನು ಹುಲಗಲ ಅನ್ನುವುದೂ ಉಂಟು. ಹೂವಿನ ಗಿಡದ ಪಟ್ಟಿಯಲ್ಲಿ ಹೊಂಗೆ ಬಂದಾಗ ಕೆಲವರು ಮೂಗು ಮುರಿಯುತ್ತಾರೆ. ಹೂ ದೂರಕ್ಕೆ ಕಾಣುವುದಿಲ್ಲ, ನಿಜ. ಏಪ್ರಿಲ್ ಬೆಳಿಗ್ಗೆ ಅದರ ಕೆಳಗೆ ಹೋಗಿ ನೋಡಿ. ಬಿಳಿ, ತಿಳಿ ನೇರಳೆ ಹೂ ಉದುರಿ ನೆಲದ ಮೇಲೆ ಮಂಡಕ್ಕಿ ಚೆಲ್ಲಿದ ಹಾಗಿರುತ್ತದೆ, ಮೇಲಿನಿಂದ ಜೇನಿನ ಗುಂಯ್ ಸದ್ದು. ಅದೇ ಹೊತ್ತಿಗೆ ತಲೆ ಮೇಲೆ ದಟ್ಟ ನೆರಳು. ಏಪ್ರಿಲ್‌ನಲ್ಲಿ ಹೂವೂ ನೆರಳೂ ಒಟ್ಟಿಗೆ ಕೊಡುವುದು ಈ ಪಟ್ಟಿಯಲ್ಲಿ ಇದೊಂದೇ.

ಎರೆ, ಮಸಾರಿ, ಕಾಲುವೆ ಬದಿ, ಸಿಂಧನೂರು, ಗಂಗಾವತಿ ಕಡೆಯ ಸವಳು ಜವಳು ಭೂಮಿ, ಎಲ್ಲಿ ಬೇಕಾದರೂ ಬರುತ್ತದೆ. ಎಲೆ ಮೇಲೆ ಗುಳ್ಳೆ ಎದ್ದರೆ ಹೆದರಬೇಡಿ, ಅದು ನುಸಿಯ ಕೆಲಸ, ಗಿಡಕ್ಕೆ ಏನೂ ಆಗುವುದಿಲ್ಲ. ಗೋಡೆಯಿಂದ ಇಪ್ಪತ್ತು ಅಡಿ ಬಿಡಿ ಸಾಕು.

ಬೂರುಗ ಮತ್ತು ಅರಿಶಿನ ಬೂರುಗ

ಕೆಂಪು ಹೂವಿನ ಬೂರುಗ ಹೊಲದವರ ಗಿಡ, ಸೈಟಿನವರದ್ದಲ್ಲ. ಎಂಬತ್ತು ಅಡಿ ದಾಟಿ ಬೆಳೆಯಬಲ್ಲದು. ಎಳೆ ಕಾಂಡದ ತುಂಬ ಮುಳ್ಳು, ದೊಡ್ಡದಾದ ಮೇಲೆ ಬುಡದಲ್ಲಿ ಗೋಡೆಯಂಥ ಬೇರು. ಹೂ ಬಿಟ್ಟಾಗ ಮೈನಾ, ಕಾಗೆ, ಪಿಕಳಾರ ಎಲ್ಲ ಅಲ್ಲೇ. ಬೇಸಿಗೆಯಲ್ಲಿ ಕಾಯಿ ಒಡೆದು ಹತ್ತಿ ಹಾರುತ್ತದೆ, ಮನೆ ಹತ್ತಿರ ಇದ್ದರೆ ಅಡುಗೆಮನೆಯವರೆಗೂ ಬರುತ್ತದೆ. ಆಳವಾದ ಮಣ್ಣಿನ ಹೊಲದ ಮೂಲೆಯಲ್ಲಿ, ಮನೆಯಿಂದ ಐವತ್ತು ಅಡಿ ಆಚೆ ಇರಲಿ.

ಜಾಗ ಕಲ್ಲುಗುಡ್ಡದ ಬುಡದಲ್ಲಿದ್ದು, ಮಣ್ಣೇ ಇಲ್ಲ ಅನ್ನುವಂತಿದ್ದರೆ ಅರಿಶಿನ ಬೂರುಗ ನೆನಪಿಡಿ. ಗಾತ್ರದಲ್ಲಿ ದೊಡ್ಡದಲ್ಲ. ಒಣ ಬಂಡೆಸೀಳಿನಲ್ಲೂ ಬದುಕಿ, ಬೇಸಿಗೆ ಶುರುವಿನಲ್ಲಿ ಬೋಳು ಕೊಂಬೆಯ ತುದಿಗೆ ಬಟ್ಟಲಿನಂಥ ಹೊಳೆಯುವ ಹಳದಿ ಹೂ ಬಿಡುತ್ತದೆ. ನೀರು ಜಾಸ್ತಿ ಹಾಕಿದರೆ ಕೊಳೆತುಹೋಗುತ್ತದೆ.

ಹೊಳೆದಾಸವಾಳ, ಜಕರಂಡ, ಟಬೆಬುಯಾ

ನೇರಳೆ ಬಣ್ಣವೇ ಬೇಕು ಅನ್ನುವವರು ಜಕರಂಡದ ಬದಲು ಹೊಳೆದಾಸವಾಳ ಹಚ್ಚಿ. ಹೆಸರಲ್ಲೇ ಹೊಳೆ ಇದೆ, ನೀರಿನ ಬದಿಯ ಗಿಡ. ಗಂಗಾವತಿ, ಕಂಪ್ಲಿ, ಸಿರುಗುಪ್ಪದಂಥ ನೀರಾವರಿ ಊರುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಉದುರುವ ಮೊದಲು ಎಲೆ ಕೆಂಪಾಗುವುದೂ ಒಂದು ಸೊಗಸು. ಒಣ ಮಸಾರಿಯಲ್ಲಿ ಮಾತ್ರ ಬೇಸಿಗೆಯಿಡೀ ನೀರು ಕೊಡುತ್ತಲೇ ಇರಬೇಕು. ಬೋರ್‌ವೆಲ್ ಬತ್ತುವ ಊರಿನಲ್ಲಿ ಅದು ನ್ಯಾಯ ಅಲ್ಲ.

ಜಕರಂಡ ಬೆಂಗಳೂರಿನಲ್ಲಿ ಅಷ್ಟು ಚೆಂದ ಬರಲು ಅಲ್ಲಿನ ಹವೆ ಕಾರಣ. ಆ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ರಾಯಚೂರು ಸುಮಾರು 400 ಮೀಟರ್. ನಮ್ಮ ಕಡೆ ಜಕರಂಡ ಬದುಕಬಹುದು, ಆದರೆ ಅಲ್ಲಿನಂತೆ ಮೈತುಂಬ ಹೂ ಬಿಟ್ಟದ್ದನ್ನು ನಾನು ಕಂಡಿಲ್ಲ. ಟಬೆಬುಯಾದಲ್ಲಿ ಹಳದಿ ಹೂವಿನ, ಬೂದುಬಣ್ಣದ ಎಲೆಯ ಜಾತಿ ಬಿಸಿಲು ತಡೆಯುತ್ತದೆ. ಬೇರು ಮೇಲೇ ಇರುವುದರಿಂದ ಗಾಳಿಗೆ ಬೀಳುತ್ತದೆ. ಗುಲಾಬಿ ಜಾತಿಗೆ ಇಲ್ಲಿ ನೀರು ಸಾಲುವುದಿಲ್ಲ.

ಬೆಂಗಳೂರಿನಿಂದ ತರಬೇಕಾದದ್ದು ಗಿಡ ಅಲ್ಲ, ಒಂದು ಉಪಾಯ. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಕ್ರುಂಬಿಗೆಲ್ ಅವರು ಆ ಊರಿನ ರಸ್ತೆಗಳಿಗೆ ಗಿಡ ಆರಿಸುವಾಗ, ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಜೋಡಿಸಿದರು. ನಮ್ಮ ಶಾಲೆ ಅಂಗಳ, ಗುಡಿ ಬಯಲು, ಊರ ಕೆರೆ ಏರಿಗೂ ಹಾಗೆ ಮಾಡಬಹುದು. ಬೂರುಗ, ಮುತ್ತುಗ, ಹೊಂಗೆ, ಕಕ್ಕೆ, ದೂರದಲ್ಲಿ ಒಂದು ಗುಲ್‌ಮೊಹರ್. ಜನವರಿಯಿಂದ ಜೂನ್ ತನಕ ಯಾವುದಾದರೂ ಒಂದು ಹೂ ಬಿಟ್ಟೇ ಇರುತ್ತದೆ.

ಹಾಗಾದರೆ ನಿಮಗೆ ಯಾವುದು?

30×40 ಸೈಟಿನಲ್ಲಿ ಮನೆ ಕಟ್ಟಿ ಮುಂದೆ ಆರಡಿ ಉಳಿದಿದ್ದರೆ, ದಯವಿಟ್ಟು ಇಲ್ಲಿ ಹೇಳಿದ ಯಾವುದನ್ನೂ ಆ ಆರಡಿಯಲ್ಲಿ ಹಚ್ಚಬೇಡಿ. ಹತ್ತು ವರ್ಷದ ನಂತರ ಕಡಿಯುವಾಗ ನಿಮಗೇ ಸಂಕಟ. ಮಸಾರಿ ನೆಲ, ಹದಿನೈದು ಅಡಿ ಜಾಗ ಇದ್ದರೆ ಕಕ್ಕೆ. ಮಸಾರಿ, ಬೇಕಾದಷ್ಟು ಬಯಲು ಇದ್ದರೆ ಗುಲ್‌ಮೊಹರ್ ಆಸೆ ತೀರಿಸಿಕೊಳ್ಳಿ. ಎರೆಯಲ್ಲಿ ನೆರಳು ಬೇಕಾದರೆ ಹೊಂಗೆ, ಹೂ ಬೇಕಾದರೆ ಮುತ್ತುಗ, ಎರಡೂ ಹಚ್ಚಿದರೆ ಇನ್ನೂ ಒಳ್ಳೆಯದು. ಹೊಂಗೆ ಬೇಗ ನೆರಳು ಕೊಡುತ್ತದೆ, ಮುತ್ತುಗ ತನ್ನ ಪಾಡಿಗೆ ಬೇರು ಇಳಿಸಿಕೊಳ್ಳುತ್ತಿರುತ್ತದೆ. ಕಾಲುವೆ ಬದಿಗೆ ಹೊಳೆದಾಸವಾಳ, ಸವುಳು ಎದ್ದ ಜಾಗವಾದರೆ ಮತ್ತೆ ಹೊಂಗೆಯೇ.

ಹಚ್ಚುವುದು, ಎರಡು ಬೇಸಿಗೆ ದಾಟಿಸುವುದು

ಸಸಿ ಆರಿಸುವಾಗ ಎತ್ತರಕ್ಕೆ ಮರುಳಾಗಬೇಡಿ. ನಾನೊಮ್ಮೆ ಆಳೆತ್ತರದ ಗುಲ್‌ಮೊಹರ್ ಸಸಿ ದುಡ್ಡು ಜಾಸ್ತಿ ಕೊಟ್ಟು ತಂದೆ. ಪಾಕೀಟು ಹರಿದರೆ ಒಳಗೆ ಬೇರು ಸಿಂಬೆಯಂತೆ ಸುತ್ತಿಕೊಂಡಿತ್ತು. ಹಾಗೇ ಹಚ್ಚಿದ ತಪ್ಪಿಗೆ ಅದು ಕೊನೆಗೂ ನೆಲ ಹಿಡಿಯಲಿಲ್ಲ. ಮೂರು ಅಡಿಯ ಸಸಿ, ಪೆನ್ಸಿಲ್‌ಗಿಂತ ದಪ್ಪ ಕಾಂಡ, ಪಾಕೀಟಿನ ತಳದಿಂದ ಬೇರು ಹೊರಬಂದಿರಬಾರದು. ಸುತ್ತಿದ ಬೇರು ಸ್ವಲ್ಪ ಇದ್ದರೆ ಬ್ಲೇಡಿನಿಂದ ಕತ್ತರಿಸಿ ಬಿಡಿಸಿ ಹಚ್ಚಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮಳೆಗಾಲದ ಶುರುವಿಗೆ ಕಡಿಮೆ ದರದಲ್ಲಿ ಸಸಿ ಕೊಡುತ್ತಾರೆ, ಮೊದಲೇ ವಿಚಾರಿಸಿಡಿ.

ಜೂನ್ ಮೊದಲ ಮಳೆಗೇ ಓಡಿ ಹಚ್ಚಬೇಡಿ. ನಮ್ಮ ಮೂರೂ ಜಿಲ್ಲೆಗಳಲ್ಲಿ ಜೂನ್ ಮಳೆ ನಂಬುವಂಥದ್ದಲ್ಲ, ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಬೇಸಿಗೆಯಲ್ಲೇ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಪುಷ್ಯ, ಆಶ್ಲೇಷ ಮಳೆಗಳಲ್ಲಿ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ನಡುವಿನೊಳಗೆ ಹಚ್ಚಿ. ಸೆಪ್ಟೆಂಬರ್‌ನ ಹುಬ್ಬಿ, ಉತ್ತರಿ ಮಳೆ ಬರುವಷ್ಟರಲ್ಲಿ ಬೇರು ಬಿಟ್ಟಿರುತ್ತದೆ, ಆ ನೀರನ್ನೆಲ್ಲ ಕುಡಿಯುತ್ತದೆ.

ಮಸಾರಿಯಲ್ಲಿ ಮೂರಡಿ ಉದ್ದ, ಅಗಲ, ಆಳದ ಗುಂಡಿ. ತೆಗೆದ ಮಣ್ಣಿಗೆ ಎರಡು ಬುಟ್ಟಿ ಹಳೆಯ ತಿಪ್ಪೆಗೊಬ್ಬರ, ಗೆದ್ದಲು ಇದ್ದರೆ ಎರಡು ಹಿಡಿ ಬೇವಿನ ಹಿಂಡಿ. ಎರೆಯಲ್ಲಿ ಲೆಕ್ಕ ತಿರುವುಮುರುವು. ಆಳ ತೋಡಿ ಕೆಂಪು ಮಣ್ಣು, ಮರಳು ತುಂಬಿದರೆ ಅದು ಬಾನಿಯಂತಾಗಿ ನೀರು ಹಿಡಿದಿಡುತ್ತದೆ, ಬೇರು ಕೊಳೆಯುತ್ತದೆ. ಎರಡಡಿ ಆಳ ಸಾಕು, ಅಗಲ ಜಾಸ್ತಿ ಇರಲಿ. ಅದೇ ಎರೆ ಮಣ್ಣಿಗೆ ಗೊಬ್ಬರ ಬೆರೆಸಿ, ನೆಲಕ್ಕಿಂತ ಒಂದಡಿ ದಿಬ್ಬ ಮಾಡಿ ಅದರ ಮೇಲೆ ಹಚ್ಚಿ.

ದೀಪಾವಳಿ ಕಳೆದ ಮೇಲೆ ಬುಡಕ್ಕೆ ಹೊದಿಕೆ ಹಾಕಿ. ಶೇಂಗಾ ಸಿಪ್ಪೆ, ಭತ್ತದ ಹುಲ್ಲು, ಜೋಳದ ದಂಟಿನ ಚೂರು, ಮನೆಯಲ್ಲಿ ಏನಿದೆಯೋ ಅದು. ನಾಲ್ಕು ಬೆರಳು ದಪ್ಪ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ಎರೆಯಲ್ಲಿ ಇದನ್ನು ತಪ್ಪಿಸಲೇಬೇಡಿ, ಹೊದಿಕೆ ಇದ್ದ ಕಡೆ ಬಿರುಕು ಬರುವುದಿಲ್ಲ. ಮೊದಲ ಬೇಸಿಗೆ ವಾರಕ್ಕೆ ಎರಡು ಸಲ, ಪ್ರತಿ ಸಲ ಎರಡು ಕೊಡ ನೀರು. ಎರಡನೇ ಬೇಸಿಗೆ ವಾರಕ್ಕೆ ಒಂದು ಸಲ, ಮೂರು ಕೊಡ. ದಿನಾ ಒಂದು ತಂಬಿಗೆ ಹಾಕುವುದಕ್ಕಿಂತ ಇದು ಒಳ್ಳೆಯದು. ಮೇಲೆ ಮೇಲೆ ನೀರು ಕೊಟ್ಟರೆ ಬೇರು ಮೇಲೇ ಉಳಿಯುತ್ತದೆ.

ಬೇಲಿಗೆ ಕಬ್ಬಿಣದ ಜಾಲರಿ ಕೊಳ್ಳಬೇಕಿಲ್ಲ. ನಮ್ಮ ಪಕ್ಕದ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ರಸ್ತೆ ಬದಿಯಲ್ಲೆಲ್ಲ ಇದೆ, ಬೇಡ ಅಂದರೂ ಬೆಳೆಯುತ್ತದೆ. ನಾಲ್ಕು ಕೊಂಬೆ ಕಡಿದು ಸುತ್ತ ನೆಟ್ಟು ಹಗ್ಗ ಕಟ್ಟಿ. ಕಾಯಿ ಇರುವ ಕೊಂಬೆ ಮಾತ್ರ ತರಬೇಡಿ, ಬೀಜ ಉದುರಿ ನಿಮ್ಮ ಸಸಿಯ ಬುಡದಲ್ಲೇ ಜಾಲಿ ಏಳುತ್ತದೆ. ಸಸಿ ಎದೆಯೆತ್ತರ ದಾಟಿ, ಆಡಿನ ಬಾಯಿಗೆ ತುದಿ ಸಿಗದಂತಾಗುವವರೆಗೆ ಈ ಬೇಲಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಿರಿ.